ಓದುಗರ ಪ್ರಶ್ನೆಗಳು: ಹಳೆಯ ಎಬಿಐ, ಹೊಸ ಎಬಿಐ, ಒಂದೇ ಅಸೆಂಬ್ಲಿ ಫೈಲ್

ಪ್ರಶ್ನೆ: ಮಾನ್ಯರೇ, 64 ಬಿಟ್‌ನ ಪವರ್‌ಪಿಸಿಗಾಗಿ ಬಹಳ ಹಿಂದೆ ಅಸೆಂಬ್ಲಿಯಲ್ಲಿ ಬರೆದ ಲೈಬ್ರರಿಯೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಮೆಮೊರಿಯನ್ನು ನಕಲು ಮಾಡುವ, ಚೆಕ್‌ಸಮ್ ಲೆಕ್ಕ ಹಾಕುವ ಫಂಕ್ಷನ್‌ಗಳು ಅದರಲ್ಲಿವೆ. ಕೆಲವು ಫಂಕ್ಷನ್‌ಗಳು ಮಧ್ಯದಲ್ಲಿ ಸಿ ಭಾಷೆಯ ಫಂಕ್ಷನ್‌ಗಳನ್ನೂ ಕರೆಯುತ್ತವೆ. ಹಳೆಯ ಬಿಗ್ ಎಂಡಿಯನ್ ಲಿನಕ್ಸ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದೆ. ಈಗ ಅದು ಲಿಟಲ್ ಎಂಡಿಯನ್ ಲಿನಕ್ಸ್‌ನಲ್ಲಿಯೂ ನಡೆಯಬೇಕಾಗಿದೆ, ಅಲ್ಲಿನ ಎಬಿಐ (ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ರಿಜಿಸ್ಟರ್, ಸ್ಟ್ಯಾಕ್‌ಗಳನ್ನು ಹೇಗೆ ಬಳಸಬೇಕೆಂಬ ನಿಯಮಗಳು) ಬೇರೆ ಎಂಬುದು ಮಾತ್ರ ತಿಳಿದಿದೆ. ಎರಡು ಪ್ರತ್ಯೇಕ ಫೈಲ್‌ಗಳನ್ನು ಇಟ್ಟುಕೊಳ್ಳಬೇಕೆ ಅಥವಾ ಒಂದರಲ್ಲಿಯೇ ಷರತ್ತುಗಳನ್ನು ಹಾಕಬೇಕೆ? ಎಂಡಿಯನ್ ಯಾವುದೆಂದು ಪರೀಕ್ಷಿಸಿ ಕವಲೊಡೆಸಿದರೆ ಸಾಕಾಗುವುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಪ್ಪಿದರೆ ಉಳಿದದ್ದೆಲ್ಲವೂ ತಪ್ಪುತ್ತದೆ. ಎಂಡಿಯನ್ ನೋಡಿ ಎಬಿಐಯನ್ನು ಊಹಿಸಬಾರದು. ಮೆಮೊರಿಯಲ್ಲಿ ಬೈಟ್‌ಗಳು ಯಾವ ಕ್ರಮದಲ್ಲಿ ಕೂರುತ್ತವೆ ಎಂಬುದು ಒಂದು ವಿಷಯ, ಒಂದು ಫಂಕ್ಷನ್ ಇನ್ನೊಂದನ್ನು ಹೇಗೆ ಕರೆಯುತ್ತದೆ ಎಂಬುದು ಬೇರೆಯೇ ವಿಷಯ. ಗ್ನೂ ಸಿ ಲೈಬ್ರರಿಯನ್ನು ಬಳಸುವ ಲಿನಕ್ಸ್‌ಗಳಲ್ಲಿ ಬಿಗ್ ಎಂಡಿಯನ್ ಜೊತೆಗೆ ಹಳೆಯ ಎಬಿಐಯಾದ ಇಎಲ್‌ಎಫ್ ವಿ1, ಲಿಟಲ್ ಎಂಡಿಯನ್ ಜೊತೆಗೆ ಹೊಸದಾದ ಇಎಲ್‌ಎಫ್ ವಿ2 ಎಂಬ ಜೋಡಿ ಇರುವುದು ನಿಜ. ಆದರೆ ಮಸ್ಲ್ ಎಂಬ ಇನ್ನೊಂದು ಸಿ ಲೈಬ್ರರಿಯು ಎರಡೂ ಬೈಟ್ ಕ್ರಮಗಳಲ್ಲಿ ವಿ2 ಒಂದನ್ನೇ ಒಪ್ಪುತ್ತದೆ, ಫ್ರೀಬಿಎಸ್‌ಡಿಯೂ 13.0 ಆವೃತ್ತಿಯಿಂದ ಬಿಗ್ ಎಂಡಿಯನ್‌ನಲ್ಲಿ ವಿ2ಕ್ಕೆ ಬದಲಾಗಿದೆ. ಎಂಡಿಯನ್ ನೋಡಿ ಬರೆದ ಫೈಲ್ ಅಂಥ ವ್ಯವಸ್ಥೆಯಲ್ಲಿ ತಪ್ಪಾದ ಎಬಿಐಯನ್ನು ಆರಿಸಿಕೊಳ್ಳುತ್ತದೆ.

ಎಬಿಐ ಯಾವುದೆಂದು ಕಂಪೈಲರೇ ಹೇಳುತ್ತದೆ. '_ಕಾಲ್_ಇಎಲ್‌ಎಫ್' ಎಂಬ ಹೆಸರಿನ, ಎಲ್ಲವೂ ದೊಡ್ಡಕ್ಷರದಲ್ಲಿರುವ ಮ್ಯಾಕ್ರೊವನ್ನು ಅದು 1 ಅಥವಾ 2 ಎಂದು ನಿಗದಿಪಡಿಸುತ್ತದೆ. ವಿ2 ಬೆಂಬಲವು ಜಿಸಿಸಿ ಕಂಪೈಲರ್‌ಗೆ ಬಂದದ್ದು 2014ರ 4.9ನೆಯ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನ ಕಂಪೈಲರ್‌ಗಳಿಗೆ ಈ ಹೆಸರಿನ ಪರಿಚಯವಿಲ್ಲದಿರಬಹುದು. ಆದ್ದರಿಂದ 'ಬೆಲೆ 2ಕ್ಕೆ ಸಮವೇ' ಎಂದಷ್ಟೇ ಕೇಳಿ, ಉಳಿದ ಎಲ್ಲ ಸಂದರ್ಭಗಳನ್ನೂ ವಿ1 ಎಂದು ಪರಿಗಣಿಸಿ. ಪರೀಕ್ಷೆಯನ್ನು ತಿರುಗಿಸಿ '1ಕ್ಕೆ ಸಮವೇ' ಎಂದು ಬರೆದರೆ, ಮ್ಯಾಕ್ರೊ ಇಲ್ಲದ ಹಳೆಯ ಕಂಪೈಲರ್ ಸದ್ದಿಲ್ಲದೆ ಹೊಸ ಕವಲನ್ನು ಹಿಡಿಯುತ್ತದೆ, ಏಕೆಂದರೆ ಗೊತ್ತಿಲ್ಲದ ಹೆಸರನ್ನು ಪ್ರೀಪ್ರೊಸೆಸರ್ ಸೊನ್ನೆಯೆಂದು ಓದುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಫೈಲ್ ಹೆಸರಿನ ಕೊನೆಯ 'ಎಸ್' ದೊಡ್ಡಕ್ಷರದ್ದಾಗಿರಬೇಕು. ಚಿಕ್ಕಕ್ಷರದ್ದಾಗಿದ್ದರೆ ಜಿಸಿಸಿ ಅದನ್ನು ಪ್ರೀಪ್ರೊಸೆಸರ್‌ಗೆ ಕೊಡದೆ ನೇರವಾಗಿ ಅಸೆಂಬ್ಲರ್‌ಗೆ ಕಳುಹಿಸುತ್ತದೆ.

ಇನ್ನು ಎರಡು ಫೈಲ್‌ಗಳ ಪ್ರಶ್ನೆ. ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥ ಲೈಬ್ರರಿಯಲ್ಲಿ ದೋಷಗಳು ಸಿಗುವುದು ಒಳಗಿನ ಲೂಪ್‌ನಲ್ಲಿ, ತಿದ್ದುಪಡಿಗಳಾಗುವುದೂ ಅಲ್ಲಿಯೇ. ಒಂದು ಪ್ರತಿಯಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗದೆ ಉಳಿಯುವುದು ಕಾಲಕ್ರಮದಲ್ಲಿ ಖಚಿತ. ಹಾಗೆಂದು ಪ್ರತಿ ಹತ್ತು ಸಾಲಿಗೊಂದು ಷರತ್ತು ಹಾಕುವುದೂ ಪರಿಹಾರವಲ್ಲ. ಎಬಿಐ ಕಣ್ಣಿಗೆ ಬೀಳುವುದು ಫಂಕ್ಷನ್‌ನ ಅಂಚುಗಳಲ್ಲಿ ಮಾತ್ರ: ಒಳಗೆ ಬರುವಾಗ, ಸ್ಟ್ಯಾಕ್‌ನಲ್ಲಿ ಜಾಗ ಪಡೆಯುವಾಗ, ಹೊರಗಿನದನ್ನು ಕರೆಯುವಾಗ, ಫಂಕ್ಷನ್ ಪಾಯಿಂಟರನ್ನು ಮುಟ್ಟುವಾಗ. ಈ ಅಂಚುಗಳನ್ನೆಲ್ಲ ಒಂದೇ ಹೆಡರ್ ಫೈಲ್‌ನೊಳಗೆ, ಕೆಲಸವನ್ನು ಸೂಚಿಸುವ ಹೆಸರುಗಳ ಮ್ಯಾಕ್ರೊಗಳಾಗಿ ಇಟ್ಟುಬಿಡಿ. ಗ್ನೂ ಸಿ ಲೈಬ್ರರಿಯೂ ಲಿನಕ್ಸ್ ಕರ್ನಲ್ಲೂ ಮಾಡಿರುವುದು ಹೀಗೆಯೇ. ಲೂಪ್‌ನೊಳಗೆ ಎಬಿಐ ಷರತ್ತು ಕಂಡುಬಂದರೆ, ಅದು ಇರಬೇಕಾದ ಜಾಗದಲ್ಲಿಲ್ಲ ಎಂದು ತಿಳಿಯಿರಿ.

ಈಗ ಅಂಚುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಪ್ರವೇಶ. ವಿ1ರಲ್ಲಿ ಫಂಕ್ಷನ್‌ನ ಹೆಸರು ಅದರ ಮೊದಲ ಆದೇಶವನ್ನು ಸೂಚಿಸುವುದಿಲ್ಲ. 'ಒಪಿಡಿ' ಎಂಬ ವಿಭಾಗದಲ್ಲಿರುವ 24 ಬೈಟ್‌ಗಳ ಡಿಸ್ಕ್ರಿಪ್ಟರನ್ನು ಸೂಚಿಸುತ್ತದೆ. ಅದರಲ್ಲಿ ಕ್ರಮವಾಗಿ ಕೋಡ್‌ನ ವಿಳಾಸ, ಆ ಫಂಕ್ಷನ್ ಬಳಸಬೇಕಾದ ಟಿಒಸಿಯ (ಮಾಡ್ಯೂಲ್‌ನ ಗ್ಲೋಬಲ್ ದತ್ತಾಂಶಗಳನ್ನು ಹುಡುಕಲು ಬಳಸುವ ವಿಳಾಸಗಳ ಪಟ್ಟಿಯ) ವಿಳಾಸ ಮತ್ತು ಎನ್ವಿರಾನ್‌ಮೆಂಟ್ ಪಾಯಿಂಟರ್ ಇರುತ್ತವೆ. ನಿಮ್ಮ ಹಳೆಯ ಫೈಲ್‌ನಲ್ಲಿ ಹೆಸರಿನ ಹಿಂದೆ ಚುಕ್ಕೆಯಿರುವ ಲೇಬಲ್‌ಗಳು ಕಾಣುತ್ತಿದ್ದರೆ ಅವು ನಿಜವಾದ ಕೋಡ್‌ನ ಆರಂಭಗಳು. ವಿ2ರಲ್ಲಿ ಡಿಸ್ಕ್ರಿಪ್ಟರ್ ಇಲ್ಲ, ಹೆಸರೇ ಕೋಡ್‌ನ ವಿಳಾಸ. ಆದರೆ ಟಿಒಸಿ ಎಲ್ಲಿಂದಲಾದರೂ ಸಿಗಲೇಬೇಕಲ್ಲ? ಅದಕ್ಕಾಗಿ ಪ್ರತಿ ಫಂಕ್ಷನ್‌ಗೆ ಎರಡು ಬಾಗಿಲುಗಳನ್ನಿಟ್ಟಿದ್ದಾರೆ. ಬೇರೆ ಮಾಡ್ಯೂಲ್‌ನಿಂದ, ಅಂದರೆ ಬೇರೆ ಪ್ರೋಗ್ರಾಮ್ ಫೈಲ್ ಅಥವಾ ಶೇರ್ಡ್ ಲೈಬ್ರರಿಯಿಂದ, ಬರುವವರು ಗ್ಲೋಬಲ್ ಪ್ರವೇಶದಿಂದ ಬರುತ್ತಾರೆ, ಆಗ ಆರ್12 ರಿಜಿಸ್ಟರ್‌ನಲ್ಲಿ ಆ ಪ್ರವೇಶದ ವಿಳಾಸವೇ ಇರುತ್ತದೆ; ಮೊದಲ ಎರಡು ಆದೇಶಗಳು ಅದಕ್ಕೆ ಒಂದು ಅಂತರವನ್ನು ಕೂಡಿಸಿ ಆರ್2ರಲ್ಲಿ ಟಿಒಸಿಯನ್ನು ಸಿದ್ಧಪಡಿಸುತ್ತವೆ. ಒಂದೇ ಮಾಡ್ಯೂಲ್‌ನ ಒಳಗಿನವರಿಗೆ ಆರ್2 ಆಗಲೇ ಸರಿಯಾಗಿರುವುದರಿಂದ ಅವರು ಆ ಎರಡು ಆದೇಶಗಳನ್ನು ದಾಟಿ ಲೋಕಲ್ ಪ್ರವೇಶಕ್ಕೆ ಬರುತ್ತಾರೆ. ಲೋಕಲ್ ಪ್ರವೇಶ ಎಲ್ಲಿದೆ ಎಂಬುದನ್ನು 'ಲೋಕಲ್‌ಎಂಟ್ರಿ' ಎಂಬ ಅಸೆಂಬ್ಲರ್ ನಿರ್ದೇಶನ ಸಿಂಬಲ್‌ನೊಳಗೆ ದಾಖಲಿಸುತ್ತದೆ.

ಕೈಬರಹದ ಅಸೆಂಬ್ಲಿಯಲ್ಲಿ ಇಲ್ಲಿ ಎರಡು ಬಗೆಯ ದೋಷಗಳು ನುಸುಳುತ್ತವೆ, ಎರಡೂ ತಕ್ಷಣಕ್ಕೆ ಕಾಣುವಂಥವಲ್ಲ. ಆರ್2ನ್ನು ಬಳಸುವ ಫಂಕ್ಷನ್‌ಗೆ ಆ ಎರಡು ಆದೇಶಗಳನ್ನು ಬರೆಯುವುದನ್ನೇ ಮರೆತರೆ, ಒಂದೇ ಪ್ರೋಗ್ರಾಮ್‌ನೊಳಗೆ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದಾಗ ಅದು ಸರಿಯಾಗಿಯೇ ನಡೆಯುತ್ತದೆ, ಶೇರ್ಡ್ ಲೈಬ್ರರಿಯಾದ ದಿನ ಕರೆದವನ ಟಿಒಸಿಯನ್ನು ತನ್ನದೆಂದು ತಿಳಿದು ಯಾವುದೋ ದತ್ತಾಂಶವನ್ನು ಓದುತ್ತದೆ. ಆದೇಶಗಳನ್ನು ಬರೆದು 'ಲೋಕಲ್‌ಎಂಟ್ರಿ' ನಿರ್ದೇಶನವನ್ನು ಮರೆತರೆ ಇದರ ತಿರುಗುಮುರುಗು ಆಗುತ್ತದೆ: ಹೊರಗಿನ ಕರೆಗಳು ಸರಿ, ಒಳಗಿನ ನೇರ ಕರೆಯಲ್ಲಿ ಆರ್12ರಲ್ಲಿ ಉಳಿದಿದ್ದ ಕಸವೇ ಟಿಒಸಿಯ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಪ್ರವೇಶಕ್ಕೆ ಎರಡು ಮ್ಯಾಕ್ರೊಗಳನ್ನು ಮಾಡಿ, ಟಿಒಸಿ ಬೇಕಾದ ಫಂಕ್ಷನ್‌ಗಳಿಗೆ ಒಂದು, ಬೇಡದವುಗಳಿಗೆ ಇನ್ನೊಂದು. ಯಾರನ್ನೂ ಕರೆಯದೆ, ರಿಜಿಸ್ಟರ್‌ಗಳಲ್ಲಿಯೇ ಕೆಲಸ ಮುಗಿಸುವ ನಿಮ್ಮ ಚೆಕ್‌ಸಮ್ ಫಂಕ್ಷನ್‌ಗೆ ಎರಡನೆಯದು ಸಾಕು. ಬೇರೆಯವರನ್ನು ಕರೆಯುವ ಫಂಕ್ಷನ್ ತಾನು ಆರ್2ನ್ನು ಮುಟ್ಟದಿದ್ದರೂ ಅದಕ್ಕೆ ಮೊದಲನೆಯದೇ ಬೇಕು, ಏಕೆಂದರೆ ಅದು ಕರೆಯುವ ಫಂಕ್ಷನ್ ಲೋಕಲ್ ಪ್ರವೇಶದಿಂದ ಬಂದು ಆರ್2 ಸರಿಯಾಗಿದೆ ಎಂದೇ ನಂಬುತ್ತದೆ.

ಎರಡನೆಯದು ಸ್ಟ್ಯಾಕ್ ಫ್ರೇಮ್, ಮತ್ತು ಹಳೆಯ ಕೋಡ್ ಅತಿ ಹೆಚ್ಚು ಎಡವುವುದು ಇಲ್ಲಿಯೇ. ವಿ1ರಲ್ಲಿ ಕನಿಷ್ಠ ಫ್ರೇಮ್ 112 ಬೈಟ್: 48 ಬೈಟ್‌ಗಳ ತಲೆಭಾಗ, ಅದರ ಮೇಲೆ ಎಂಟು ಆರ್ಗ್ಯುಮೆಂಟ್‌ಗಳಿಗಾಗಿ ಕಡ್ಡಾಯವಾಗಿ ಬಿಡಬೇಕಾದ 64 ಬೈಟ್‌. ವಿ2ರಲ್ಲಿ ಕನಿಷ್ಠ ಫ್ರೇಮ್ 32 ಬೈಟ್ ಮಾತ್ರ. ಟಿಒಸಿಯನ್ನು ಉಳಿಸುವ ಜಾಗ ಮೊದಲು ಸ್ಟ್ಯಾಕ್ ಪಾಯಿಂಟರ್‌ನಿಂದ 40 ಬೈಟ್ ದೂರದಲ್ಲಿತ್ತು, ಈಗ 24ರಲ್ಲಿದೆ. ಕಂಡಿಷನ್ ರಿಜಿಸ್ಟರ್ 8ರಲ್ಲಿ ಮತ್ತು ಲಿಂಕ್ ರಿಜಿಸ್ಟರ್ 16ರಲ್ಲಿ ಉಳಿಯುವುದು ಎರಡರಲ್ಲಿಯೂ ಒಂದೇ. ಅಂಕಿಗಳ ಬದಲು ಹೆಸರಿಟ್ಟ ಸ್ಥಿರಾಂಕಗಳನ್ನು ಹಾಕಿದರೆ ಈ ಭಾಗ ಮುಗಿಯಿತು ಎನಿಸುತ್ತದೆ, ಆದರೆ ಮುಗಿದಿರುವುದಿಲ್ಲ. ವಿ1ರಲ್ಲಿ ಆ 64 ಬೈಟ್ ಯಾವಾಗಲೂ ಇರುತ್ತದೆ ಎಂಬ ಭರವಸೆಯಿಂದ ಹಳಬರು ಅದನ್ನು ತಾತ್ಕಾಲಿಕ ಸಂಗ್ರಹಕ್ಕೆ ಧಾರಾಳವಾಗಿ ಬಳಸಿದ್ದಾರೆ: ಕರೆಯಲ್ಪಟ್ಟ ಫಂಕ್ಷನ್ ತನ್ನದೇ ಫ್ರೇಮ್ ಮಾಡಿಕೊಳ್ಳದೆ, ಕರೆದವನ ಫ್ರೇಮ್‌ನ 48ನೆಯ ಬೈಟ್‌ನಿಂದ ಮುಂದಕ್ಕೆ ತನ್ನ ಆರ್ಗ್ಯುಮೆಂಟ್‌ಗಳನ್ನು ಬರೆದಿಟ್ಟುಕೊಳ್ಳುತ್ತದೆ. ವಿ2ರಲ್ಲಿ ಕರೆಯಲ್ಪಡುವ ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳೆಲ್ಲ ರಿಜಿಸ್ಟರ್‌ಗಳಲ್ಲಿಯೇ ಹಿಡಿಸುವಂತಿದ್ದು, ಅದರ ಪ್ರೊಟೊಟೈಪ್ ತಿಳಿದಿದ್ದರೆ, ಕರೆಯುವವನು ಆ ಜಾಗವನ್ನು ಬಿಡಬೇಕಾಗಿಯೇ ಇಲ್ಲ. ಅಲ್ಲಿ ಅವನ ಸ್ವಂತ ಲೋಕಲ್ ವೇರಿಯಬಲ್‌ಗಳಿರುತ್ತವೆ. ಹಳೆಯ ಕೋಡ್ ಅವುಗಳ ಮೇಲೆ ಬರೆಯುತ್ತದೆ, ತಾನು ಸರಿಯಾದ ಉತ್ತರವನ್ನೇ ಕೊಟ್ಟು ಹಿಂದಿರುಗುತ್ತದೆ, ಕೆಡುವುದು ಕರೆದವನ ಲೆಕ್ಕ. ಸ್ಥಿರಾಂಕದ ಹೆಸರು ಬದಲಿಸಿದರೆ ಈ ದೋಷ ಹೋಗುವುದಿಲ್ಲ. ಆ ರೂಢಿಯನ್ನೇ ತೆಗೆಯಬೇಕು. ಯಾರನ್ನೂ ಕರೆಯದ ಫಂಕ್ಷನ್ ಆಗಿದ್ದರೆ ಸ್ಟ್ಯಾಕ್ ಪಾಯಿಂಟರ್‌ನ ಕೆಳಗಿನ 288 ಬೈಟ್‌ಗಳನ್ನು ಯೂಸರ್ ಪ್ರೋಗ್ರಾಮ್‌ಗಳಲ್ಲಿ ಎರಡೂ ಎಬಿಐಗಳು ಸುರಕ್ಷಿತವೆಂದು ಒಪ್ಪುತ್ತವೆ, ಅದನ್ನು ಬಳಸಿ. ಆಗ ಅಲ್ಲಿ ಷರತ್ತೇ ಬೇಕಾಗುವುದಿಲ್ಲ.

ಮೂರನೆಯದು ಕರೆ. ನೇರ ಕರೆಯ ಹಿಂದೆಯೇ ಒಂದು ಖಾಲಿ ಆದೇಶ ಇರುವುದನ್ನು ಗಮನಿಸಿರುತ್ತೀರಿ. ಕರೆ ಬೇರೆ ಮಾಡ್ಯೂಲ್‌ಗೆ ಹೋಗುವುದಾದರೆ ಲಿಂಕರ್ ಮಧ್ಯೆ ಸ್ಟಬ್ ಎಂಬ ಒಂದು ಚಿಕ್ಕ ಸೇತುವೆ ಕೋಡ್ ಸೇರಿಸಿ, ಆ ಖಾಲಿ ಆದೇಶದ ಜಾಗದಲ್ಲಿ ಟಿಒಸಿಯನ್ನು ಮರಳಿ ತರುವ ಆದೇಶವನ್ನು ಬರೆಯುತ್ತದೆ; 40 ಅಥವಾ 24 ಎಂಬುದು ಅದಕ್ಕೆ ಗೊತ್ತು. ಆದ್ದರಿಂದ ನೇರ ಕರೆಗಳಲ್ಲಿ ನೀವು ಬದಲಿಸಬೇಕಾದದ್ದು ಬಹುತೇಕ ಏನೂ ಇಲ್ಲ, ಆ ಖಾಲಿ ಆದೇಶವನ್ನು ವೇಗದ ಆಸೆಗೆ ಬಿದ್ದು ಅಳಿಸದಿದ್ದರೆ ಸಾಕು. ಕರೆಗೂ ಅದಕ್ಕೂ ನಡುವೆ ಬೇರೇನನ್ನೂ ತುರುಕಬೇಡಿ. ಸಿ++ ಎಕ್ಸೆಪ್ಷನ್‌ಗಳಿಗಾಗಿ ಸ್ಟ್ಯಾಕ್ ಬಿಚ್ಚುವ ಜಿಸಿಸಿಯ ಕೋಡ್ ಕೂಡ ಕರೆಯ ಮರುಕ್ಷಣದ ಆದೇಶವನ್ನೇ ಓದಿ, ಟಿಒಸಿ ಉಳಿಸಲಾಗಿದೆಯೆ ಎಂದು ತೀರ್ಮಾನಿಸುತ್ತದೆ.

ಪಾಯಿಂಟರ್ ಮೂಲಕ ಕರೆಯುವಾಗ ಮಾತ್ರ ಕೆಲಸವೆಲ್ಲ ನಿಮ್ಮದೇ. ವಿ1ರಲ್ಲಿ ಆರ್2ನ್ನು 40ರಲ್ಲಿ ಉಳಿಸಿ, ಪಾಯಿಂಟರ್ ತೋರಿಸುವ ಡಿಸ್ಕ್ರಿಪ್ಟರ್‌ನಿಂದ ಕೋಡ್ ವಿಳಾಸವನ್ನು ಕೌಂಟ್ ರಿಜಿಸ್ಟರ್‌ಗೂ ಟಿಒಸಿಯನ್ನು ಆರ್2ಕ್ಕೂ ಮೂರನೆಯ ಪದವನ್ನು ಆರ್11ಕ್ಕೂ ತಂದು ಜಿಗಿಯಬೇಕು. ವಿ2ರಲ್ಲಿ ಆರ್2ನ್ನು 24ರಲ್ಲಿ ಉಳಿಸಿ, ಪಾಯಿಂಟರನ್ನು ಆರ್12ಕ್ಕೂ ಕೌಂಟ್ ರಿಜಿಸ್ಟರ್‌ಗೂ ಹಾಕಿ ಜಿಗಿಯಬೇಕು. ಆರ್12ರ ಬದಲು ಬೇರೆ ರಿಜಿಸ್ಟರ್ ಬಳಸಿದರೆ, ಟಿಒಸಿ ಬೇಡದ ಫಂಕ್ಷನ್‌ಗಳಿಗೆ ಕರೆ ಹೋಗುತ್ತಿರುವಷ್ಟು ಕಾಲ ಏನೂ ಆಗುವುದಿಲ್ಲ, ಹಾಗಾಗಿ ಆ ತಪ್ಪು ವರ್ಷಗಟ್ಟಲೆ ಬದುಕಬಲ್ಲದು. ಇದನ್ನೊಂದು ಮ್ಯಾಕ್ರೊ ಮಾಡಿ, ಎಲ್ಲ ಪಾಯಿಂಟರ್ ಕರೆಗಳೂ ಅದರ ಮೂಲಕವೇ ಹೋಗುವಂತೆ ನೋಡಿಕೊಳ್ಳಿ. ಫಂಕ್ಷನ್ ವಿಳಾಸಗಳ ಪಟ್ಟಿಯನ್ನು ಕೈಯಾರೆ ಬರೆದಿದ್ದರೆ ಅದನ್ನೂ ನೋಡಿ: ಚುಕ್ಕೆಯ ಹೆಸರುಗಳಿಂದ ಕಟ್ಟಿದ ಪಟ್ಟಿಯನ್ನು ಸಿ ಕೋಡ್‌ಗೆ ಪಾಯಿಂಟರ್‌ಗಳೆಂದು ಕೊಡುವಂತಿಲ್ಲ, ವಿ1ರಲ್ಲಿ ಸಿ ನಿರೀಕ್ಷಿಸುವುದು ಡಿಸ್ಕ್ರಿಪ್ಟರ್‌ನ ವಿಳಾಸವನ್ನು.

ಇಷ್ಟಾದ ಮೇಲೆ, ನಿಮ್ಮ ಆಬ್ಜೆಕ್ಟ್ ಫೈಲ್ ತಾನು ಯಾವ ಎಬಿಐಯದು ಎಂದು ಹೇಳಿಕೊಳ್ಳುತ್ತಿದೆಯೆ ಎಂದು ಪರಿಶೀಲಿಸಿ. ಇಎಲ್‌ಎಫ್ ಹೆಡರ್‌ನ ಫ್ಲ್ಯಾಗ್‌ಗಳಲ್ಲಿ ಕೊನೆಯ ಎರಡು ಬಿಟ್‌ಗಳು ಅದಕ್ಕಾಗಿ ಮೀಸಲಾಗಿವೆ. 1 ಮತ್ತು 2 ಬೆರೆತರೆ ಲಿಂಕರ್ ಒಪ್ಪುವುದಿಲ್ಲ, ಆದರೆ ಸೊನ್ನೆಯೆಂದರೆ 'ಹೇಳಿಲ್ಲ' ಎಂದರ್ಥ, ಅದನ್ನು ಎರಡರ ಜೊತೆಗೂ ಸೇರಿಸಿಕೊಳ್ಳುತ್ತದೆ. ಅಂದರೆ ಏನೂ ಹೇಳದ ಅಸೆಂಬ್ಲಿ ಫೈಲ್ ಯಾವ ತಪಾಸಣೆಗೂ ಸಿಗದೆ ಒಳಗೆ ಹೋಗುತ್ತದೆ. ವಿ2 ಕವಲಿನಲ್ಲಿ 'ಎಬಿಐವರ್ಷನ್ 2' ಎಂಬ ನಿರ್ದೇಶನವನ್ನು ಹೆಡರ್ ಫೈಲ್‌ನಲ್ಲಿಯೇ ಇಟ್ಟರೆ ಈ ಕಾವಲು ಉಚಿತವಾಗಿ ಸಿಗುತ್ತದೆ.

ಬೈಟ್ ಕ್ರಮದ ವಿಷಯ ಉಳಿಯಿತು. ಅದು ನಿಮ್ಮ ಲೂಪ್‌ನ ಒಳಗಿನ ಸಮಸ್ಯೆ, ಎಬಿಐಯದ್ದಲ್ಲ. ಅದಕ್ಕೆ ಎಂಡಿಯನ್ ಮ್ಯಾಕ್ರೊವನ್ನೇ ಪರೀಕ್ಷಿಸಿ. ಈ ಎರಡು ಪರೀಕ್ಷೆಗಳು ಒಂದೇ ಸಾಲಿನಲ್ಲಿ ಸೇರಬಾರದು.

ಪ್ರಶ್ನೆ: ಹೀಗೆ ಎರಡಕ್ಕೂ ಹೊಂದುವಂತೆ ಬರೆದದ್ದು ನಿಜವಾಗಿ ಸರಿಯಿದೆ ಎಂದು ತಿಳಿಯುವುದು ಹೇಗೆ? ನನ್ನ ಬಳಿ ಇರುವ ಪರೀಕ್ಷೆಗಳೆಲ್ಲ ಉತ್ತರ ಸರಿಯೇ ಎಂದಷ್ಟೇ ನೋಡುತ್ತವೆ, ಹಳೆಯ ಯಂತ್ರವೂ ಈಗ ಕೈಗೆ ಸಿಗುವುದಿಲ್ಲ.

ಉತ್ತರ: ಉತ್ತರವನ್ನಷ್ಟೇ ನೋಡುವ ಪರೀಕ್ಷೆಗೆ ಎಬಿಐ ದೋಷ ಕಾಣುವುದಿಲ್ಲ, ಏಕೆಂದರೆ ಮೇಲೆ ಹೇಳಿದಂತೆ ಕೆಡುವುದು ಕರೆದವನ ಸ್ಥಿತಿ. ಆದ್ದರಿಂದ ಪರೀಕ್ಷೆಯೂ ಅಸೆಂಬ್ಲಿಯಲ್ಲಿರಬೇಕು. ಕರೆಯುವ ಮೊದಲು, ಉಳಿಸಿಕೊಡಬೇಕಾದ ರಿಜಿಸ್ಟರ್‌ಗಳಲ್ಲೆಲ್ಲ ಒಂದೊಂದು ಗುರುತಿನ ಬೆಲೆ ತುಂಬಿ, ಹಿಂದಿರುಗಿದ ಮೇಲೆ ಹೋಲಿಸಿ. ಪವರ್‌ಪಿಸಿಯಲ್ಲಿ ಆರ್14ರಿಂದ ಆರ್31, ಫ್ಲೋಟಿಂಗ್ ಪಾಯಿಂಟ್‌ನ ಎಫ್14ರಿಂದ ಎಫ್31, ವೆಕ್ಟರ್‌ನ ವಿ20ರಿಂದ ವಿ31, ಕಂಡಿಷನ್ ರಿಜಿಸ್ಟರ್‌ನ 2, 3, 4ನೆಯ ಭಾಗಗಳು ಈ ಪಟ್ಟಿಗೆ ಸೇರುತ್ತವೆ, ಎರಡೂ ಎಬಿಐಗಳಲ್ಲಿ ಪಟ್ಟಿ ಒಂದೇ. ಅದಕ್ಕಿಂತ ಮುಖ್ಯವಾಗಿ, ವಿ2ರಲ್ಲಿ ನಿಮ್ಮ ಫ್ರೇಮ್ ಅನ್ನು ಕನಿಷ್ಠ 32 ಬೈಟ್‌ಗೆ ಇಳಿಸಿ, ಅದರ ಮೇಲಿನ ನೂರಾರು ಬೈಟ್‌ಗಳಿಗೆ ಗುರುತು ತುಂಬಿ ಕರೆಯಿರಿ. ಇಲ್ಲದ ಜಾಗದಲ್ಲಿ ಬರೆಯುವ ಹಳೆಯ ರೂಢಿ ಎಲ್ಲಾದರೂ ಉಳಿದಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

ಪ್ರತಿ ಫಂಕ್ಷನ್ ಅನ್ನೂ ಮೂರು ದಾರಿಗಳಿಂದ ಕರೆಯಬೇಕು: ಅದೇ ಮಾಡ್ಯೂಲ್‌ನಿಂದ ನೇರವಾಗಿ, ಬೇರೆ ಶೇರ್ಡ್ ಲೈಬ್ರರಿಯಿಂದ, ಮತ್ತು ಪಾಯಿಂಟರ್ ಮೂಲಕ. ನೇರ ಕರೆಗೆ ಮೊದಲು ಆರ್12ರಲ್ಲಿ ಉದ್ದೇಶಪೂರ್ವಕವಾಗಿ ಕಸ ತುಂಬಿಡಿ. ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಕ್ಯುಇಎಮ್‌ಯುವಿನ ಯೂಸರ್ ಮೋಡ್ ಎಮ್ಯುಲೇಶನ್ ಬಿಗ್ ಎಂಡಿಯನ್ ಮತ್ತು ಲಿಟಲ್ ಎಂಡಿಯನ್ ಪವರ್‌ಪಿಸಿ ಎರಡಕ್ಕೂ ಲಭ್ಯವಿದೆ. ವೇಗವನ್ನು ಅದರಲ್ಲಿ ಅಳೆಯಬೇಡಿ, ಎಬಿಐಯನ್ನು ಧಾರಾಳವಾಗಿ ಪರೀಕ್ಷಿಸಬಹುದು. ಸ್ಟ್ಯಾಕ್ ಬಿಚ್ಚುವ ಮಾಹಿತಿಯನ್ನು ಕೈಯಿಂದ ಬರೆದಿದ್ದರೆ, ಅಲ್ಲಿಯೂ ಫ್ರೇಮ್ ಗಾತ್ರಕ್ಕೆ ಅದೇ ಹೆಸರಿಟ್ಟ ಸ್ಥಿರಾಂಕವನ್ನು ಬಳಸಿದ್ದೀರಾ ಎಂದು ನೋಡಿ. ಕೋಡ್‌ನಲ್ಲಿ ಹೆಸರು ಬದಲಾಗಿ, ಈ ನಿರ್ದೇಶನಗಳಲ್ಲಿ ಮಾತ್ರ 112 ಎಂಬ ಅಂಕಿ ಹಾಗೆಯೇ ಉಳಿದಿರುವುದು ಸಾಮಾನ್ಯ, ಡೀಬಗರ್ ತೆರೆಯುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಪ್ರಶ್ನೆ: 32 ಬಿಟ್ ಆರ್ಮ್ ಲಿನಕ್ಸ್‌ಗಾಗಿ ಸಿಸ್ಟಮ್ ಕಾಲ್‌ಗಳನ್ನು ನೇರವಾಗಿ ಮಾಡುವ ಸಣ್ಣ ಅಸೆಂಬ್ಲಿ ಫೈಲ್ ಒಂದಿದೆ. ಅದರಲ್ಲಿ ಹಳೆಯ ಒಎಬಿಐ ಮತ್ತು ಹೊಸ ಇಎಬಿಐ ಎರಡೂ ಕವಲುಗಳಿವೆ. ಹಳೆಯದನ್ನು ಇನ್ನೂ ಉಳಿಸಿಕೊಳ್ಳಬೇಕೆ?

ಉತ್ತರ: ಹಳೆಯ ಕವಲಿನಿಂದ ಇಂದಿಗೂ ಯಾರಾದರೂ ಹೊಸದಾಗಿ ಪ್ರೋಗ್ರಾಮ್ ಕಟ್ಟುತ್ತಿದ್ದಾರೆಯೆ ಎಂದು ಕೇಳಿ, ಇಲ್ಲವಾದರೆ ತೆಗೆದುಹಾಕಿ. ಹಳೆಯ ಪ್ರೋಗ್ರಾಮ್‌ಗಳು ನಡೆಯಬೇಕು ಎಂಬುದು ಕಾರಣವಾಗುವುದಿಲ್ಲ, ಅದಕ್ಕೆ ಕರ್ನಲ್‌ನಲ್ಲಿಯೇ ಒಎಬಿಐ ಹೊಂದಾಣಿಕೆಯ ಆಯ್ಕೆಯಿದೆ, ನಿಮ್ಮ ಲೈಬ್ರರಿಯ ಸಹಾಯ ಬೇಕಿಲ್ಲ. ಪರೀಕ್ಷೆಯಾಗದ ಕವಲು ಸುಮ್ಮನೆ ಕೂತಿದ್ದರೂ ತೊಂದರೆ ಕೊಡುತ್ತದೆ, ಓದುವವರು ಅದನ್ನು ನಂಬುತ್ತಾರೆ.

ಉಳಿಸಿಕೊಳ್ಳಲೇಬೇಕಾದರೆ ವ್ಯತ್ಯಾಸಗಳು ಮೂರು ಕಡೆ ಇವೆ. ಒಎಬಿಐಯಲ್ಲಿ ಸಿಸ್ಟಮ್ ಕಾಲ್‌ನ ಸಂಖ್ಯೆ ಆದೇಶದ ಒಳಗೇ ಅಡಕವಾಗಿರುತ್ತಿತ್ತು, ಕರ್ನಲ್ ಆ ಆದೇಶವನ್ನು ಮೆಮೊರಿಯಿಂದ ಮತ್ತೆ ಓದಿ ಸಂಖ್ಯೆಯನ್ನು ತೆಗೆಯಬೇಕಾಗಿತ್ತು. ಇಎಬಿಐಯಲ್ಲಿ ಸಂಖ್ಯೆ ಆರ್7ರಲ್ಲಿ ಹೋಗುತ್ತದೆ. ಆರ್7 ಉಳಿಸಿಕೊಡಬೇಕಾದ ರಿಜಿಸ್ಟರ್ ಆಗಿರುವುದರಿಂದ ಹೊಸ ಕವಲಿನಲ್ಲಿ ಅದನ್ನು ಉಳಿಸಿ, ಕೊನೆಗೆ ಮರಳಿಸುವ ಸಾಲುಗಳಿರಲೇಬೇಕು. ಎರಡನೆಯದು 64 ಬಿಟ್ ಆರ್ಗ್ಯುಮೆಂಟ್‌ಗಳು. ಇಎಬಿಐಯಲ್ಲಿ ಅವು ಸಮ ಸಂಖ್ಯೆಯ ರಿಜಿಸ್ಟರ್‌ನಿಂದಲೇ ಆರಂಭವಾಗಬೇಕು. ಫೈಲ್‌ನ ಗಾತ್ರವನ್ನು 64 ಬಿಟ್‌ನಲ್ಲಿ ನಿಗದಿಪಡಿಸುವ ಕರೆಯನ್ನು ತೆಗೆದುಕೊಳ್ಳಿ: ಫೈಲ್ ಡಿಸ್ಕ್ರಿಪ್ಟರ್ ಆರ್0ದಲ್ಲಿ, ಉದ್ದ ಹಳೆಯದರಲ್ಲಿ ಆರ್1 ಮತ್ತು ಆರ್2ರಲ್ಲಿ, ಹೊಸದರಲ್ಲಿ ಆರ್1ನ್ನು ಖಾಲಿ ಬಿಟ್ಟು ಆರ್2 ಮತ್ತು ಆರ್3ರಲ್ಲಿ. ಮೂರನೆಯದು ಸ್ಟ್ರಕ್ಚರ್‌ಗಳ ಒಳಗಿನ ಜೋಡಣೆ. 64 ಬಿಟ್ ಸದಸ್ಯ ಹಳೆಯದರಲ್ಲಿ 4 ಬೈಟ್ ಗಡಿಯಲ್ಲಿ, ಹೊಸದರಲ್ಲಿ 8 ಬೈಟ್ ಗಡಿಯಲ್ಲಿ ಕೂರುತ್ತದೆ. ಅಸೆಂಬ್ಲಿಯಲ್ಲಿ ಕೈಯಾರೆ ಬರೆದ ಆಫ್‌ಸೆಟ್‌ಗಳು ಇಲ್ಲಿ ತಪ್ಪುತ್ತವೆ, ಅವುಗಳನ್ನು ಸಿ ಕಂಪೈಲರ್‌ನಿಂದಲೇ ಹುಟ್ಟಿಸುವುದು ಒಳ್ಳೆಯದು.

ಫ್ಲೋಟಿಂಗ್ ಪಾಯಿಂಟ್ ಆರ್ಗ್ಯುಮೆಂಟ್‌ಗಳನ್ನು ಪಡೆಯುವ ಫಂಕ್ಷನ್ ನಿಮ್ಮಲ್ಲಿದ್ದರೆ ಇಎಬಿಐ ಒಂದೇ ಅಲ್ಲ, ಎರಡು ಎಂದು ಎಣಿಸಿ. ಸಾಫ್ಟ್ ರೂಪದಲ್ಲಿ ಅವು ಆರ್0ಯಿಂದ ಆರ್3ರವರೆಗಿನ ರಿಜಿಸ್ಟರ್‌ಗಳಲ್ಲಿ ಬರುತ್ತವೆ, ಹಾರ್ಡ್ ಫ್ಲೋಟ್‌ನಲ್ಲಿ ವಿಎಫ್‌ಪಿ ಎಂಬ ಫ್ಲೋಟಿಂಗ್ ಪಾಯಿಂಟ್ ಘಟಕದ ರಿಜಿಸ್ಟರ್‌ಗಳಲ್ಲಿ. ಆರ್ಗ್ಯುಮೆಂಟ್‌ಗಳ ಸಂಖ್ಯೆ ನಿಗದಿಯಿಲ್ಲದ ಫಂಕ್ಷನ್‌ಗಳಿಗೆ ಮಾತ್ರ ಹಾರ್ಡ್ ಫ್ಲೋಟ್‌ನಲ್ಲಿಯೂ ಸಾಫ್ಟ್ ರೂಪದ ದಾರಿಯೇ.

ಪ್ರಶ್ನೆ: ವರ್ಷಗಳಿಂದ ಬದಲಾಗದ ಎಕ್ಸ್86-64 ಅಸೆಂಬ್ಲಿ ಫೈಲ್‌ಗೆ ಈಗ ಲಿಂಕರ್ 'ಸ್ಟ್ಯಾಕ್ ಎಕ್ಸಿಕ್ಯೂಟಬಲ್ ಆಗುತ್ತದೆ' ಎಂದು ಎಚ್ಚರಿಸುತ್ತಿದೆ. ಕರೆಯುವ ನಿಯಮವೂ ಬದಲಾಗಿದೆಯೆ?

ಉತ್ತರ: ರಿಜಿಸ್ಟರ್‌ಗಳ ನಿಯಮ ಬದಲಾಗಿಲ್ಲ, ಫೈಲ್ ತನ್ನ ಬಗ್ಗೆ ಹೇಳಿಕೊಳ್ಳಬೇಕಾದ ಸಂಗತಿಗಳು ಹೆಚ್ಚಿವೆ. ಆಬ್ಜೆಕ್ಟ್ ಫೈಲ್‌ನಲ್ಲಿ 'ನೋಟ್.ಗ್ನೂ-ಸ್ಟ್ಯಾಕ್' ಎಂಬ ಖಾಲಿ ವಿಭಾಗ ಇಲ್ಲದಿದ್ದರೆ, ಎಕ್ಸ್86ರಲ್ಲಿ ಲಿಂಕರ್ ಹಳೆಯ ಕಾಲದ ಊಹೆಯಂತೆ ಇಡೀ ಪ್ರೋಗ್ರಾಮ್‌ಗೆ ಎಕ್ಸಿಕ್ಯೂಟಬಲ್ ಸ್ಟ್ಯಾಕ್ ಕೊಡುತ್ತದೆ. ಕಂಪೈಲರ್ ಈ ವಿಭಾಗವನ್ನು ತಾನೇ ಸೇರಿಸುತ್ತದೆ, ಕೈಬರಹದ ಫೈಲ್‌ಗೆ ಸೇರಿಸುವವರು ಯಾರೂ ಇಲ್ಲ. 2022ರ ಬಿನ್‌ಯುಟಿಲ್ಸ್ 2.39ರಿಂದ ಲಿಂಕರ್ ಇದರ ಬಗ್ಗೆ ಎಚ್ಚರಿಸತೊಡಗಿತು, ದೋಷ ಮೊದಲೂ ಇತ್ತು. ಫೈಲ್‌ನ ಕೊನೆಯಲ್ಲಿ ಆ ವಿಭಾಗವನ್ನು ಯಾವ ಫ್ಲ್ಯಾಗ್ ಇಲ್ಲದೆ ಘೋಷಿಸಿದರೆ ಎಚ್ಚರಿಕೆ ಹೋಗುತ್ತದೆ, ಹಳೆಯ ಅಸೆಂಬ್ಲರ್‌ಗಳಿಗೂ ಅದರಿಂದ ತೊಂದರೆಯಿಲ್ಲ.

ಇಂಟೆಲ್‌ನ ಪರೋಕ್ಷ ಜಿಗಿತದ ರಕ್ಷಣೆಯ ಗುರುತೂ ಇದೇ ಸ್ವಭಾವದ್ದು. ಪಾಯಿಂಟರ್ ಮೂಲಕ ತಲುಪುವ ಪ್ರತಿ ಫಂಕ್ಷನ್‌ನ ಆರಂಭದಲ್ಲಿ 'ಎಂಡ್‌ಬಿಆರ್64' ಆದೇಶವಿರಬೇಕು, ಫೈಲ್‌ನಲ್ಲಿ ಹಾಗಿದೆ ಎಂದು ಸಾರುವ ಟಿಪ್ಪಣಿಯೂ ಇರಬೇಕು. ಟಿಪ್ಪಣಿಯಿಲ್ಲದ ಒಂದೇ ಆಬ್ಜೆಕ್ಟ್ ಸೇರಿದರೂ ಲಿಂಕರ್ ಇಡೀ ಪ್ರೋಗ್ರಾಮ್‌ನಿಂದ ಆ ಗುರುತನ್ನು ತೆಗೆದುಹಾಕುತ್ತದೆ. ಹಳೆಯ ಪ್ರೊಸೆಸರ್‌ಗಳು ಈ ಆದೇಶವನ್ನು ಖಾಲಿ ಆದೇಶವೆಂದೇ ಓದುವುದರಿಂದ ಇಲ್ಲಿ ಹಳೆಯದಕ್ಕೊಂದು, ಹೊಸದಕ್ಕೊಂದು ಕವಲು ಬೇಡ. ಹಳೆಯ ಅಸೆಂಬ್ಲರ್ ಆ ಹೆಸರನ್ನು ಗುರುತಿಸದಿದ್ದರೆ ಮಾತ್ರ, ಅದರ ನಾಲ್ಕು ಬೈಟ್‌ಗಳನ್ನು ಪ್ರವೇಶದ ಮ್ಯಾಕ್ರೊದೊಳಗೆ ಅಂಕಿಗಳಾಗಿಯೇ ಬರೆದುಬಿಡಿ.